ತಂತ್ರಾಂಶ ಕಳಪೆಯಲ್ಲ, ಅದರ ಕೈ ಕಟ್ಟಿರುವುದು ಪೇಟೆಂಟ್

ಮಾನ್ಯ ಸಂಪಾದಕರೇ,

ಶಾಲೆಗಳ ಕಂಪ್ಯೂಟರ್ ಲ್ಯಾಬ್ ಬಗ್ಗೆ ಶಿಕ್ಷಕರೊಬ್ಬರು ಬರೆದ ಪತ್ರ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಲ್ಯಾಬಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಪುಕ್ಕಟೆ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟಿದ್ದಾರೆ, ಆದರೆ ಪೆನ್‌ಡ್ರೈವ್‌ನಲ್ಲಿ ತಂದ ಪಾಠದ ವಿಡಿಯೊ ಅದರಲ್ಲಿ ಓಡುವುದಿಲ್ಲ, ಪುಕ್ಕಟೆ ತಂತ್ರಾಂಶದ ಹಣೆಬರಹವೇ ಇಷ್ಟು ಎಂದು ಅವರು ಬೇಸರದಿಂದ ಬರೆದಿದ್ದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಒಂದು ತರಗತಿ ಮಕ್ಕಳ ಎದುರು ವಿಡಿಯೊ ಕೈಕೊಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟನ್ನು ಅವರು ತಿರುಗಿಸಿದ್ದು ತಂತ್ರಾಂಶ ಬರೆದವರ ಮೇಲೆ. ಅದು ಸರಿಯಲ್ಲ. ಯಾಕೆ ಸರಿಯಲ್ಲ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಜಾಗ ಕೊಡುತ್ತೀರಿ ಎಂದು ನಂಬಿದ್ದೇನೆ.

ನಾನು ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹಳೆಯ ವಿಎಚ್‌ಎಸ್ ಟೇಪು, ಆಡಿಯೊ ಕ್ಯಾಸೆಟ್‌ಗಳನ್ನು ಡಿಜಿಟಲ್‌ಗೆ ಹಾಕಿಕೊಡುವ ಕೆಲಸವೂ ಜೊತೆಗಿದೆ. ಮದುವೆ, ಉಪನಯನ, ಯಕ್ಷಗಾನ, ತಾಳಮದ್ದಲೆ, ಎಲ್ಲವೂ ಬರುತ್ತವೆ. ಸುತ್ತಲಿನ ಕೆಲವು ಶಾಲೆಗಳ ಲ್ಯಾಬನ್ನೂ ನೋಡಿಕೊಳ್ಳುತ್ತೇನೆ. ಹಾಗಾಗಿ ಆ ಶಿಕ್ಷಕರು ಹೇಳಿದ ಪರದೆ ನನಗೆ ಚೆನ್ನಾಗಿ ಗೊತ್ತು. ವಿಡಿಯೊ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ. ಎಚ್.264 ಡಿಕೋಡರ್ ಬೇಕು, ಅದು ಇನ್‌ಸ್ಟಾಲ್ ಆಗಿಲ್ಲ ಎಂಬ ಒಂದು ಸಾಲು ಬರುತ್ತದೆ. ಎಚ್.264 ಎನ್ನುವುದು ವಿಡಿಯೊ ಕುಗ್ಗಿಸುವ ಒಂದು ವಿಧಾನ, ಡಿಕೋಡರ್ ಎಂದರೆ ಕುಗ್ಗಿಸಿದ್ದನ್ನು ಬಿಡಿಸಿ ತೋರಿಸುವ ತಂತ್ರಾಂಶ. ಅದೇ ಯಂತ್ರದಲ್ಲಿ ಯೂಟ್ಯೂಬ್ ಮಾತ್ರ ಸಲೀಸಾಗಿ ಓಡುತ್ತದೆ. ಇಲ್ಲೇ ಎಲ್ಲರಿಗೂ ಗೊಂದಲ. ಕಂಪ್ಯೂಟರ್ ಕೆಟ್ಟಿಲ್ಲ, ಸ್ಪೀಕರ್ ಸರಿ ಇದೆ, ಹಾಗಾದರೆ ಏನಾಯಿತು?

ಆಗಿದ್ದು ಇಷ್ಟೇ. ಉಬುಂಟು ಎಂಬ ಬಗೆಯ ಲಿನಕ್ಸ್ ಹಾಕುವಾಗ ನಡುವೆ ಒಂದು ಪುಟ ಬರುತ್ತದೆ. ಬೇರೆಯವರ ತಂತ್ರಾಂಶ ಮತ್ತು ಹೆಚ್ಚಿನ ಮೀಡಿಯಾ ಫಾರ್ಮ್ಯಾಟ್‌ಗಳನ್ನು ಹಾಕಲೇ ಅಂತ ಕೇಳುವ ಒಂದು ಚಿಕ್ಕ ಚೌಕ ಅಲ್ಲಿರುತ್ತದೆ. ಅದಕ್ಕೆ ಟಿಕ್ ಬಿದ್ದಿರುವುದಿಲ್ಲ, ನಾವೇ ಹಾಕಬೇಕು. ಹಾಕಿದರೂ ಇಂಟರ್‌ನೆಟ್ ಇದ್ದರೆ ಮಾತ್ರ ಅದು ಇಳಿಯುತ್ತದೆ. ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಇನ್‌ಸ್ಟಾಲ್ ಮಾಡುವ ಹೊತ್ತಿಗೆ ನೆಟ್ ಇರುವುದಿಲ್ಲ. ಮಾಡುವವರು ಸುಮ್ನೆ ಮುಂದಕ್ಕೆ ಒತ್ತಿಕೊಂಡು ಹೋಗುತ್ತಾರೆ. ಲ್ಯಾಬಿನ ಅಷ್ಟೂ ಯಂತ್ರಗಳು ಆ ಡಿಕೋಡರ್ ಇಲ್ಲದೆಯೇ ಶಾಲೆಯ ಕೈ ಸೇರುತ್ತವೆ.

ಡಿಕೋಡರನ್ನು ಮೊದಲೇ ಸೇರಿಸಿ ಕೊಡಬಾರದೇ, ಇದಕ್ಕೊಂದು ಟಿಕ್ ಯಾಕೆ? ಆ ಶಿಕ್ಷಕರು ಕೇಳಬೇಕಿದ್ದ ಪ್ರಶ್ನೆ ಇದು. ಡಿಕೋಡರ್ ಬರೆಯಲು ಬಾರದೆ ಬಿಟ್ಟಿದ್ದಲ್ಲ. ಓಪನ್ ಸೋರ್ಸ್‌ನವರು (ಕೋಡನ್ನು ಎಲ್ಲರಿಗೂ ತೆರೆದಿಟ್ಟು ತಂತ್ರಾಂಶ ಮಾಡುವವರು) ಬರೆದ ಎಚ್.264 ಡಿಕೋಡರ್ ಎಷ್ಟೋ ವರ್ಷದಿಂದ ಇದೆ, ಬಹಳ ಚೆನ್ನಾಗಿದೆ. ಅದನ್ನು ಸೇರಿಸಿ ಹಂಚಿದರೆ ಕೆಲವು ದೇಶಗಳಲ್ಲಿ ಪೇಟೆಂಟ್ ಮಾಲೀಕರಿಗೆ ರಾಯಲ್ಟಿ ಕಟ್ಟಬೇಕಾಗುತ್ತದೆ. ಆ ಟಿಕ್ ಇರುವುದು ಅದಕ್ಕಾಗಿ.

ಎಚ್.264 ಎನ್ನುವುದು ಯಾವುದೋ ಒಂದು ಕಂಪನಿಯ ಗುಟ್ಟಿನ ವಿದ್ಯೆಯಲ್ಲ. ವಿಶ್ವಸಂಸ್ಥೆಯ ದೂರಸಂಪರ್ಕ ಅಂಗವಾದ ಐಟಿಯು ಮತ್ತು ಸ್ಟ್ಯಾಂಡರ್ಡ್ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಗಳಾದ ಐಎಸ್‌ಒ-ಐಇಸಿ ಸೇರಿ 2003ರಲ್ಲಿ ಹೊರತಂದ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್. ನಿಮ್ಮ ಫೋನು, ನನ್ನ ಕ್ಯಾಮೆರಾ, ಮದುವೆ ವಿಡಿಯೊ, ಟಿವಿ ಸೆಟ್‌ಟಾಪ್ ಬಾಕ್ಸ್, ಎಲ್ಲ ಕಡೆಯೂ ಅದೇ. ಆ ಸ್ಟ್ಯಾಂಡರ್ಡ್‌ನ ದಾಖಲೆಯನ್ನು ಯಾರು ಬೇಕಾದರೂ ಓದಬಹುದು. ಆದರೆ ಅದರಲ್ಲಿ ಹೇಳಿದಂತೆ ಕೋಡ್ ಬರೆದು ಹಂಚಲು ಹೋದರೆ ಹತ್ತಾರು ಕಂಪನಿಗಳ ಪೇಟೆಂಟ್‌ಗಳು ಅಡ್ಡ ಬರುತ್ತವೆ. ಅವುಗಳನ್ನೆಲ್ಲ ಒಟ್ಟು ಹಾಕಿ ಲೈಸನ್ಸ್ ಮಾರಲು ಎಂಪೆಗ್ ಎಲ್‌ಎ ಎಂಬ ಸಂಸ್ಥೆಯ ಪೇಟೆಂಟ್ ಪೂಲ್ ಹುಟ್ಟಿಕೊಂಡಿತು. ಅವರ ದರಪಟ್ಟಿ ಹೀಗಿತ್ತು: ವರ್ಷಕ್ಕೆ ಮೊದಲ 1 ಲಕ್ಷ ಪ್ರತಿಗೆ ಶುಲ್ಕವಿಲ್ಲ. ಅದರ ಮೇಲೆ ಪ್ರತಿಯೊಂದಕ್ಕೂ 20 ಅಮೆರಿಕನ್ ಸೆಂಟ್. 50 ಲಕ್ಷ ದಾಟಿದರೆ 10 ಸೆಂಟ್. ದೊಡ್ಡ ಕಂಪನಿಗಳಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಇತ್ತು.

ನಮ್ಮ ಅಡಿಕೆ ಮಾರುಕಟ್ಟೆಯಲ್ಲಿ ಕ್ವಿಂಟಲ್ ಅಂದರೆ ನೂರು ಕೆ.ಜಿ. ಶಿವಮೊಗ್ಗದಲ್ಲೂ ಅಷ್ಟೇ, ಮಂಗಳೂರಿನಲ್ಲೂ ಅಷ್ಟೇ. ಎಲ್ಲರೂ ಒಂದೇ ಅಳತೆ ಒಪ್ಪಿಕೊಂಡಿದ್ದರಿಂದಲೇ ವ್ಯಾಪಾರ ನಡೆಯುತ್ತದೆ. ಒಪ್ಪಿಕೊಂಡ ಮೇಲೆ, ತಕ್ಕಡಿ ಮಾಡುವವನು ಪ್ರತಿ ತಕ್ಕಡಿಗೂ ಅಳತೆಯ ಒಡೆಯನಿಗೆ ಕಾಸು ಕಟ್ಟಬೇಕು ಅಂದರೆ ಹೇಗಿರುತ್ತದೆ? ಬೇರೆ ಅಳತೆಗೆ ಹೋಗುವಂತಿಲ್ಲ, ಕೊಳ್ಳುವವರು ಒಪ್ಪುವುದಿಲ್ಲ. ಸ್ಟ್ಯಾಂಡರ್ಡ್‌ನೊಳಗೆ ಕೂತ ಪೇಟೆಂಟ್‌ಗೆ ಬಲ ಬರುವುದು ಇಲ್ಲಿಂದ. ಅದನ್ನು ಬಿಟ್ಟು ಬದುಕುವ ದಾರಿಯೇ ಇರುವುದಿಲ್ಲ.

20 ಸೆಂಟ್ ಅಂದರೆ ಏನು ಮಹಾ, ಕಟ್ಟಿಬಿಡಲಿ ಎಂದು ಕೆಲವರು ನನ್ನ ಅಂಗಡಿಯಲ್ಲೇ ಕೇಳಿದ್ದಾರೆ. ಟಿವಿ ಮಾಡುವ ಕಂಪನಿಗೆ ಅದು ಸಾಧ್ಯ. ಕಾರ್ಖಾನೆಯಿಂದ ಎಷ್ಟು ಟಿವಿ ಹೊರಗೆ ಹೋಯಿತು ಎಂಬ ಲೆಕ್ಕ ಅವರ ಬಳಿ ಇರುತ್ತದೆ, ಗಿರಾಕಿಯಿಂದ ಬಂದ ದುಡ್ಡೂ ಇರುತ್ತದೆ. ಮುಕ್ತ ತಂತ್ರಾಂಶದಲ್ಲಿ ಈ ಎರಡೂ ಇಲ್ಲ. ನಾನು ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಲ್ಯಾಬಿನ ಎಲ್ಲ ಯಂತ್ರಗಳಿಗೂ ಉಬುಂಟು ಹಾಕುತ್ತೇನೆ. ಅದೇ ಪೆನ್‌ಡ್ರೈವನ್ನು ಸಿದ್ದಾಪುರದ ಗೆಳೆಯನಿಗೆ ಕೊಡುತ್ತೇನೆ. ಅವನು ಇನ್ನೆಲ್ಲಿಗೋ ಕೊಡುತ್ತಾನೆ. ಇದೆಲ್ಲ ಕಳ್ಳತನವಲ್ಲ, ಆ ತಂತ್ರಾಂಶದ ಲೈಸನ್ಸೇ ಹೀಗೆ ಮಾಡಿ ಎನ್ನುತ್ತದೆ. ಈ ಪ್ರತಿಗಳನ್ನು ಎಣಿಸುವವರು ಯಾರು? ಕಟ್ಟುವವರು ಯಾರು? ಪ್ರತಿಗೆ ಇಷ್ಟು ಎಂದು ದರ ಇಟ್ಟ ಕ್ಷಣವೇ, ದರ ಎಷ್ಟೇ ಕಡಿಮೆ ಇದ್ದರೂ, ಮುಕ್ತ ತಂತ್ರಾಂಶ ಆಟದಿಂದ ಹೊರಗೆ.

ಇನ್ನೂ ಒಂದು ಗಂಟು ಇದೆ. ಜಿಪಿಎಲ್ ಎನ್ನುವುದು ಮುಕ್ತ ತಂತ್ರಾಂಶಗಳ ಒಂದು ಲೈಸನ್ಸ್. ಅದರ ಎರಡನೇ ಆವೃತ್ತಿ 1991ರದ್ದು. ಅದರ 7ನೇ ಕಲಮು ಈ ಸಂದರ್ಭವನ್ನೇ ಎತ್ತಿಕೊಂಡು ಮಾತಾಡುತ್ತದೆ. ನಿಮಗೆ ಸಿಕ್ಕ ಪೇಟೆಂಟ್ ಲೈಸನ್ಸ್ ನಿಮಗೊಬ್ಬರಿಗೇ ಆಗಿದ್ದು, ನಿಮ್ಮಿಂದ ಪ್ರತಿ ಪಡೆದವರು ರಾಯಲ್ಟಿ ಇಲ್ಲದೆ ಮುಂದಕ್ಕೆ ಹಂಚಲು ಬಿಡದಿದ್ದರೆ, ನೀವು ಆ ಪ್ರೋಗ್ರಾಂ ಹಂಚಲೇಬಾರದು ಎನ್ನುತ್ತದೆ ಅದು. ಕಟುವಾಗಿ ಕೇಳಿಸಬಹುದು. ನನಗೆ ಮಾತ್ರ ಅದರಲ್ಲಿ ನ್ಯಾಯ ಕಾಣುತ್ತದೆ. ದುಡ್ಡಿದ್ದ ಒಬ್ಬ ಲೈಸನ್ಸ್ ಕೊಂಡು, ಎಲ್ಲರೂ ಸೇರಿ ಬರೆದ ಕೋಡನ್ನು ತನ್ನೊಬ್ಬನ ಸೊತ್ತು ಮಾಡಿಕೊಳ್ಳಬಾರದು ಅಂತ ತಾನೇ ಅದರ ಅರ್ಥ? 2004ರ ಅಪಾಚೆ ಲೈಸನ್ಸ್ 2.0 ಮತ್ತು 2007ರ ಜಿಪಿಎಲ್ ಮೂರನೇ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋದವು. ಕೋಡ್ ಕೊಡುವವರು ಆ ಕೋಡಿಗೆ ಸಂಬಂಧಿಸಿದ ತಮ್ಮ ಪೇಟೆಂಟ್‌ನ ಹಕ್ಕನ್ನೂ ಬಳಸುವವರಿಗೆ ಕೊಟ್ಟಂತೆ ಎಂದು ಬರೆದವು. ಒಳ್ಳೆಯದೇ. ಆದರೆ ಯೋಜನೆಯ ಹೊರಗೆ ಕೂತ ಮೂರನೆಯವನ ಪೇಟೆಂಟನ್ನು ಯಾವ ಲೈಸನ್ಸೂ ತಡೆಯಲಾರದು.

ಈ ಇಕ್ಕಟ್ಟಿನಲ್ಲಿ ಜನ ಏನೇನು ಮಾಡಿದ್ದಾರೆ ನೋಡಿ. 2013ರ ಅಕ್ಟೋಬರ್‌ನಲ್ಲಿ ಸಿಸ್ಕೊ ಕಂಪನಿ ಓಪನ್‌ಎಚ್264 ಎಂಬ ಎಚ್.264 ತಂತ್ರಾಂಶವನ್ನು ಘೋಷಿಸಿತು. ಕೋಡ್ ಎಲ್ಲರಿಗೂ ಮುಕ್ತ. ಆದರೆ ಸಿಸ್ಕೊ ತಾನೇ ಕಂಪೈಲ್ ಮಾಡಿ (ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸಿ) ತನ್ನ ಸರ್ವರ್‌ನಿಂದ ಕೊಟ್ಟ ಪ್ರತಿಗೆ ಮಾತ್ರ ರಾಯಲ್ಟಿಯನ್ನು ಅದು ಕಟ್ಟುತ್ತದೆ. ಮರುವರ್ಷ ಫೈರ್‌ಫಾಕ್ಸ್ ಅದನ್ನೇ ಬಳಸತೊಡಗಿತು. ಸಿಸ್ಕೊ ಮಾಡಿದ್ದು ದೊಡ್ಡ ಉಪಕಾರ, ಅದನ್ನು ಮನಸಾರೆ ಹೇಳುತ್ತೇನೆ. ಆದರೂ ಪರಿಸ್ಥಿತಿ ಎಂಥದ್ದು ಯೋಚಿಸಿ. ಅದೇ ಕೋಡನ್ನು ನಾನು ನನ್ನ ಅಂಗಡಿಯಲ್ಲಿ ಕಂಪೈಲ್ ಮಾಡಿದರೆ, ಒಂದಕ್ಷರ ವ್ಯತ್ಯಾಸ ಇಲ್ಲದಿದ್ದರೂ, ಆ ರಕ್ಷಣೆ ನನಗಿಲ್ಲ. ಕೋಡ್ ಓದಬಹುದು, ತಿದ್ದಬಹುದು. ತಿದ್ದಿದ್ದನ್ನು ಹಂಚಲು ಮಾತ್ರ ನನ್ನ ಲೈಸನ್ಸ್ ನಾನೇ ತರಬೇಕು.

2022ರ ಸೆಪ್ಟೆಂಬರ್‌ನಲ್ಲಿ ಫೆಡೋರಾ ಎಂಬ ಇನ್ನೊಂದು ಬಗೆಯ ಲಿನಕ್ಸ್‌ನಲ್ಲಿ ನಡೆದದ್ದು ಇನ್ನೂ ಬೇಸರ ತರುವಂಥದ್ದು. ಗ್ರಾಫಿಕ್ಸ್ ಕಾರ್ಡ್‌ನೊಳಗೆ ವಿಡಿಯೊ ಬಿಡಿಸುವ ಚಿಪ್ ಮೊದಲೇ ಇರುತ್ತದೆ. ಕಾರ್ಡ್ ಕೊಂಡವರು ಅದಕ್ಕೆ ದುಡ್ಡು ಕೊಟ್ಟಿರುತ್ತಾರೆ. ಮೆಸಾ ಎಂಬ ಓಪನ್ ಸೋರ್ಸ್ ಡ್ರೈವರ್ ಮಾಡುವುದು ಆ ಚಿಪ್‌ಗೆ ಕೆಲಸ ಒಪ್ಪಿಸುವುದು, ಅಷ್ಟೇ. ಕಾನೂನಿನ ತೊಡಕು ಬರಬಹುದು ಎಂಬ ಕಾರಣಕ್ಕೆ ಫೆಡೋರಾದವರು ಎಚ್.264, ಅದರ ಮುಂದಿನ ಪೀಳಿಗೆಯ ಎಚ್.265, ವಿಸಿ-1 ಎಂಬ ಮೂರೂ ವಿಡಿಯೊ ವಿಧಾನಗಳಿಗೆ ಆ ಸೌಲಭ್ಯವನ್ನು ತಮ್ಮ ಪ್ಯಾಕೇಜಿನಿಂದ ತೆಗೆದುಹಾಕಿದರು. ನಿನ್ನೆವರೆಗೆ ತಣ್ಣಗೆ ಓಡುತ್ತಿದ್ದ ವಿಡಿಯೊಗೆ ಈಗ ಪ್ರೊಸೆಸರ್ ಏದುಸಿರು ಬಿಡಬೇಕು. ಬೇಕಾದವರು ಹೊರಗಿನ ರೆಪೊಸಿಟರಿಯಿಂದ (ತಂತ್ರಾಂಶ ಸಂಗ್ರಹದಿಂದ) ಹಾಕಿಕೊಳ್ಳಬಹುದು. ನನ್ನಂಥವರು ಹಾಕಿಕೊಳ್ಳುತ್ತಾರೆ. ಒಬ್ಬ ಕನ್ನಡ ಮೇಷ್ಟ್ರಿಗೆ ಈ ತಲೆಬಿಸಿ ಯಾಕೆ?

2013ರಲ್ಲಿ ಎಚ್.265 ಬಂದಾಗ ಪರಿಸ್ಥಿತಿ ಇನ್ನೂ ಕೆಟ್ಟಿತು. ಮೊದಲಿನದಕ್ಕೆ ಮುಖ್ಯವಾಗಿ ಒಂದು ಪೂಲ್ ಇತ್ತು. ಇದಕ್ಕೆ ಮೂರಾದವು: ಎಂಪೆಗ್ ಎಲ್‌ಎ, ಎಚ್ಇವಿಸಿ ಅಡ್ವಾನ್ಸ್, ವೆಲೋಸ್ ಮೀಡಿಯಾ. ಯಾವ ಪೂಲಿಗೂ ಸೇರದ ಪೇಟೆಂಟ್ ಮಾಲೀಕರು ಬೇರೆ. ದುಡ್ಡು ಕಟ್ಟಲು ಸಿದ್ಧವಿದ್ದ ದೊಡ್ಡ ಕಂಪನಿಗಳಿಗೇ ಯಾರಿಗೆ ಎಷ್ಟು ಕಟ್ಟಬೇಕು ಎಂಬುದು ಬಗೆಹರಿಯಲಿಲ್ಲ. ಈಗ ಎಷ್ಟೋ ಫೋನುಗಳು ಜಾಗ ಉಳಿಸಲು ಈ ಎಚ್.265ರಲ್ಲೇ ರೆಕಾರ್ಡ್ ಮಾಡುತ್ತವೆ. ಐಫೋನ್ 2017ರಿಂದಲೇ ಹಾಗೆ. ಫೋನಿನಲ್ಲಿ ತೆಗೆದ ಶಾಲಾ ವಾರ್ಷಿಕೋತ್ಸವದ ವಿಡಿಯೊ ಶಾಲೆಯ ಲ್ಯಾಬಿನಲ್ಲೇ ತೆರೆಯುವುದಿಲ್ಲ ಎಂದರೆ ಅದಕ್ಕೆ ಕಾರಣ ಹೆಚ್ಚಾಗಿ ಇದು.

"ವಿಎಲ್‌ಸಿ ಪ್ಲೇಯರ್ ಹಾಕಿದರೆ ಎಲ್ಲ ಓಡುತ್ತದಲ್ಲ, ಇಷ್ಟೆಲ್ಲ ಯಾಕೆ?" ಎಂದು ಓದುಗರು ಕೇಳಬಹುದು. ನಿಜ, ಹೆಚ್ಚಿನ ಕಡೆ ಓಡುತ್ತದೆ. ವಿಎಲ್‌ಸಿ ಪ್ಯಾರಿಸ್‌ನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾದದ್ದು. ಅದನ್ನು ನಡೆಸುವ ವಿಡಿಯೊಲ್ಯಾನ್ ಸಂಸ್ಥೆ ಈಗಲೂ ಫ್ರಾನ್ಸಿನಲ್ಲೇ ಇದೆ. ಯುರೋಪಿನ ಪೇಟೆಂಟ್ ಒಪ್ಪಂದ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಕೊಡುವುದಿಲ್ಲ. ಆ ನೆಲದ ಮೇಲೆ ನಿಂತು ಅವರು ಧೈರ್ಯವಾಗಿ ಹಂಚುತ್ತಾರೆ. ಮನೆಯಲ್ಲಿ ಕೂತು ನೋಡುವವರಿಗೆ ಅಷ್ಟು ಸಾಕು. ಆದರೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಯಾರೋ ನಾಲ್ಕು ಹುಡುಗರು ಸೇರಿ, ಲಿನಕ್ಸ್ ಹಾಕಿದ ಒಂದು ಪುಟ್ಟ ಪೆಟ್ಟಿಗೆ ಮಾಡಿ ಶಾಲೆಗಳಿಗೆ ಮಾರೋಣ, ಅಮೆರಿಕಕ್ಕೂ ಕಳಿಸೋಣ ಅಂತ ಹೊರಟರೆ ಆ ಧೈರ್ಯ ಸಾಲದು. ವಕೀಲರು ಮೊದಲು ಕೇಳುವ ಪ್ರಶ್ನೆಯೇ, ನಿಮ್ಮ ಕೋಡೆಕ್‌ಗೆ, ಅಂದರೆ ವಿಡಿಯೊ ಕುಗ್ಗಿಸಿ ಬಿಡಿಸುವ ತಂತ್ರಾಂಶಕ್ಕೆ, ಲೈಸನ್ಸ್ ಇದೆಯೇ ಎಂದು.

ಇನ್ನು ನಮ್ಮ ದೇಶದ ಕಾನೂನು. 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಹೇಳುವುದು ಸ್ಪಷ್ಟವಾಗಿದೆ: ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಂ (ಲೆಕ್ಕ ಬಿಡಿಸುವ ಹಂತಕ್ರಮ), ಇವು ಯಾವುದಕ್ಕೂ ಪೇಟೆಂಟ್ ಇಲ್ಲ. 2004ರ ಕೊನೆಗೆ ಸುಗ್ರೀವಾಜ್ಞೆಯ ಮೂಲಕ ಇದನ್ನು ಸಡಿಲಿಸುವ ಪ್ರಯತ್ನ ನಡೆಯಿತು. 2005ರಲ್ಲಿ ಸಂಸತ್ತು ಅದಕ್ಕೆ ಒಪ್ಪಲಿಲ್ಲ. 2015ರ ಆಗಸ್ಟ್‌ನಲ್ಲಿ ಪೇಟೆಂಟ್ ಕಚೇರಿ ಹೊರಡಿಸಿದ ಮಾರ್ಗಸೂಚಿ ಮತ್ತೆ ಬಾಗಿಲು ತೆರೆಯುವಂತಿತ್ತು. ಮುಕ್ತ ತಂತ್ರಾಂಶದ ಬಳಗಗಳೂ ಸಣ್ಣ ಕಂಪನಿಗಳೂ ವಿರೋಧಿಸಿದವು. ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿದರು. 2016ರ ಫೆಬ್ರವರಿಯಲ್ಲಿ ಬಂದ ಮಾರ್ಗಸೂಚಿ ಹೊಸ ಹಾರ್ಡ್‌ವೇರ್ ಇದ್ದರೆ ಮಾತ್ರ ಎಂದಿತು. 2017ರಲ್ಲಿ ಆ ಷರತ್ತನ್ನೂ ಕೈಬಿಟ್ಟರು. ಹೀಗೆ ಹಗ್ಗಜಗ್ಗಾಟ ನಡೆದೇ ಇದೆ. ಅದೇ ಅಲ್ಗಾರಿದಂ "ಸಾಧನ", "ವ್ಯವಸ್ಥೆ" ಎಂಬ ಹೆಸರಿನಲ್ಲಿ ಅರ್ಜಿಯೊಳಗೆ ಬಂದರೆ ಪೇಟೆಂಟ್ ಸಿಗುವುದೂ ಉಂಟು.

ನಮ್ಮ ನ್ಯಾಯಾಲಯಗಳು ಸ್ಟ್ಯಾಂಡರ್ಡ್‌ನ ಪೇಟೆಂಟ್‌ಗಳನ್ನು ಸುಮ್ಮನೆ ಬಿಟ್ಟಿಲ್ಲ ಎಂಬುದೂ ಗೊತ್ತಿರಬೇಕು. ನಮ್ಮ ಕಸುಬಿನವರಿಗೆ ಡಿವಿಡಿ ಪ್ಲೇಯರ್ ಕಾಲ ನೆನಪಿದೆ. ಬಿಡಿಭಾಗ ತರಿಸಿ, ಇಲ್ಲೇ ಜೋಡಿಸಿ, ಕಡಿಮೆ ಬೆಲೆಗೆ ಮಾರುತ್ತಿದ್ದ ಬ್ರ್ಯಾಂಡ್‌ಗಳು ಊರೂರಿನಲ್ಲೂ ಇದ್ದವು. ಅಂಥ ಇಬ್ಬರು ತಯಾರಕರ ಮೇಲೆ ಫಿಲಿಪ್ಸ್ ಹಾಕಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2018ರ ಜುಲೈನಲ್ಲಿ ಫಿಲಿಪ್ಸ್ ಪರ ತೀರ್ಪು ಕೊಟ್ಟಿತು. ಪ್ರತಿ ಪ್ಲೇಯರ್‌ಗೆ ಡಾಲರ್ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕಾಯಿತು. ತೀರ್ಪು ಬರುವ ಹೊತ್ತಿಗೆ ಆ ಪೇಟೆಂಟ್‌ನ ಅವಧಿ ಮುಗಿದು ಮೂರು ವರ್ಷ ಕಳೆದಿತ್ತು! 2024ರ ಮಾರ್ಚ್‌ನಲ್ಲಿ ಅದೇ ಹೈಕೋರ್ಟ್‌ನ ಏಕಸದಸ್ಯ ಪೀಠ, ಎರಿಕ್ಸನ್ ಕಂಪನಿಗೆ 244 ಕೋಟಿ ರೂಪಾಯಿ ಕೊಡಬೇಕೆಂದು ಲಾವಾ ಕಂಪನಿಗೆ ಆದೇಶಿಸಿತು. ಅಲ್ಲಿದ್ದ ಪೇಟೆಂಟ್‌ಗಳಲ್ಲಿ ಫೋನಿನಲ್ಲಿ ಮಾತನ್ನು ಕುಗ್ಗಿಸುವ ಕೋಡೆಕ್‌ಗೆ ಸೇರಿದವೂ ಇದ್ದವು. ಇವು ಕೇವಲ ಅಲ್ಗಾರಿದಂ, 3(ಕೆ) ಪ್ರಕಾರ ಸಲ್ಲವು ಎಂದು ಲಾವಾ ವಾದಿಸಿತ್ತು. ಆ ವಾದ ನಿಲ್ಲಲಿಲ್ಲ. ಇವೆಲ್ಲ ಯಂತ್ರ ಮಾರುವವರ ಮೇಲಿನ ಕೇಸುಗಳು, ಕೋಡ್ ಹಂಚುವ ಸ್ವಯಂಸೇವಕರ ಮೇಲಿನವಲ್ಲ. ಆದರೆ 3(ಕೆ) ಇದೆ, ನಮಗೇನೂ ಆಗುವುದಿಲ್ಲ ಎಂದು ನಿಶ್ಚಿಂತೆಯಿಂದ ಕೂರುವಂತಿಲ್ಲ ಎಂಬುದಕ್ಕೆ ಇಷ್ಟು ಸಾಕು.

ವಿಡಿಯೊ ಒಂದೇ ಅಲ್ಲ. ಕ್ಯಾಮೆರಾದ 64 ಜಿಬಿ ಮೆಮೊರಿ ಕಾರ್ಡ್ ತಗೊಂಡು ನೋಡಿ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗೆ ಎಕ್ಸ್‌ಫ್ಯಾಟ್ ಎಂಬ, ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯೇ ಇರಬೇಕೆಂದು 2009ರ ಎಸ್‌ಡಿಎಕ್ಸ್‌ಸಿ ಸ್ಟ್ಯಾಂಡರ್ಡ್ ನಿಗದಿ ಮಾಡಿತು. ಎಕ್ಸ್‌ಫ್ಯಾಟ್ ಮೈಕ್ರೊಸಾಫ್ಟ್‌ನದು, ಪೇಟೆಂಟ್ ಇತ್ತು. ಅದೇ ವರ್ಷ ಮೈಕ್ರೊಸಾಫ್ಟ್ ಹಳೆಯ ಫ್ಯಾಟ್‌ನ ಪೇಟೆಂಟ್‌ಗಳನ್ನೂ ಹಿಡಿದು, ಲಿನಕ್ಸ್ ಬಳಸಿ ದಾರಿ ತೋರಿಸುವ ಸಾಧನ ಮಾಡುತ್ತಿದ್ದ ಟಾಮ್‌ಟಾಮ್ ಕಂಪನಿಯ ಮೇಲೆ ಕೇಸು ಹಾಕಿತ್ತು. ಹೀಗಿರುವಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಎಕ್ಸ್‌ಫ್ಯಾಟ್ ಸೇರಿಸುವ ಧೈರ್ಯ ಯಾರಿಗೆ ಬರಬೇಕು? ಮದುವೆ ಫೋಟೊಗ್ರಾಫರ್ ತಂದ ಕಾರ್ಡನ್ನು ಲಿನಕ್ಸ್ ಯಂತ್ರಕ್ಕೆ ಹಾಕಿದರೆ ಬೇರೆ ಪ್ಯಾಕೇಜ್ ಹಾಕದೆ ತೆರೆಯುತ್ತಿರಲಿಲ್ಲ. ಕೊನೆಗೆ 2019ರ ಆಗಸ್ಟ್‌ನಲ್ಲಿ ಮೈಕ್ರೊಸಾಫ್ಟ್ ತಾನೇ ವಿವರ ಪ್ರಕಟಿಸಿ, ಲಿನಕ್ಸ್‌ಗೆ ಸೇರಿಸಿಕೊಳ್ಳಿ ಎಂದಿತು. ಆ ವರ್ಷದ ನವೆಂಬರ್‌ನ ಕರ್ನಲ್ 5.4ರಲ್ಲಿ ಅದು ಬಂತು. ಹತ್ತು ವರ್ಷ ಸುಮ್ನೆ ಹೋಯಿತು, ಅಲ್ವಾ?

ಪೇಟೆಂಟ್ ಬಿಟ್ಟು ಬರೀ ಲೈಸನ್ಸ್ ಒಪ್ಪಂದವೂ ಕಾಲಿಗೆ ತೊಡರುತ್ತದೆ. ಟಿವಿಗೆ ಹಾಕುವ ಎಚ್‌ಡಿಎಂಐ ಕೇಬಲ್‌ನ 2.1ನೇ ಆವೃತ್ತಿಯ ಪೂರ್ತಿ ವಿವರ ಎಚ್‌ಡಿಎಂಐ ಫೋರಂ ಎಂಬ ಸಂಸ್ಥೆಯ ಒಪ್ಪಂದಕ್ಕೆ ಒಳಪಟ್ಟವರಿಗೆ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಮಾಡುವ ಎಎಂಡಿ ಕಂಪನಿ ತನ್ನ ಲಿನಕ್ಸ್ ಡ್ರೈವರ್‌ಗೆ ಅದರ ಬೆಂಬಲ ಸೇರಿಸಲು ಶ್ರಮಪಟ್ಟು, ಓಪನ್ ಸೋರ್ಸ್ ಆಗಿ ಪ್ರಕಟಿಸಲು ಒಪ್ಪಿಗೆ ಕೇಳಿತು. 2024ರ ಫೆಬ್ರವರಿ ಹೊತ್ತಿಗೆ ಫೋರಂ ಒಪ್ಪಲಿಲ್ಲ ಎಂದು ಗೊತ್ತಾಯಿತು. ಕೊಂಡ ಕಾರ್ಡಿಗೆ ಶಕ್ತಿ ಇದೆ, ಟಿವಿಗೂ ಇದೆ. ನಡುವಿನ ಕೋಡನ್ನು ಜನರಿಗೆ ತೋರಿಸುವಂತಿಲ್ಲ ಎಂಬ ಒಂದೇ ಕಾರಣಕ್ಕೆ ಪರದೆ ಹಳೆಯ ವೇಗದಲ್ಲೇ ಓಡಬೇಕಾಯಿತು.

ಸಂಶೋಧನೆ ಮಾಡಿದವರಿಗೆ ದುಡ್ಡು ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೇಕು. ಎಂಪಿ3 ಹಿಂದೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರ ವರ್ಷಗಟ್ಟಲೆ ದುಡಿಮೆ ಇದೆ. ಅವರಿಗೆ ರಾಯಲ್ಟಿ ಸಿಕ್ಕಿದ್ದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. 2017ರ ಏಪ್ರಿಲ್‌ನಲ್ಲಿ ಆ ಲೈಸನ್ಸ್ ಕಾರ್ಯಕ್ರಮ ಮುಗಿಯಿತು, ಎಂಪಿ3 ಈಗ ಎಲ್ಲರದು. ನನ್ನ ತಕರಾರು ಬೇರೆ. ಎಲ್ಲರೂ ಬಳಸಲೇಬೇಕಾದ ಸ್ಟ್ಯಾಂಡರ್ಡ್ ಮಾಡಲು ಕೂತಾಗ, ಪ್ರತಿಗೆ ಇಷ್ಟು ಎಂಬ ಷರತ್ತನ್ನು ಅದರೊಳಗೆ ಬಿಟ್ಟುಕೊಳ್ಳಬಾರದು. "ನ್ಯಾಯವಾದ, ಮಿತವಾದ, ತಾರತಮ್ಯವಿಲ್ಲದ" ಷರತ್ತಿನಲ್ಲಿ ಲೈಸನ್ಸ್ ಕೊಡುತ್ತೇವೆ ಎಂದು ಕಂಪನಿಗಳು ಮಾತು ಕೊಡುತ್ತವೆ. ಅದನ್ನು ಫ್ರ್ಯಾಂಡ್ ಎನ್ನುತ್ತಾರೆ. ಪ್ರತಿ ಎಣಿಸಲಾಗದ ತಂತ್ರಾಂಶಕ್ಕೆ ಪ್ರತಿ ಎಣಿಸುವ ಲೈಸನ್ಸ್ ಕೊಟ್ಟು, ತಾರತಮ್ಯ ಮಾಡಿಲ್ಲ ಅಂದರೆ ಹೇಗೆ ಒಪ್ಪುವುದು?

ಬೇರೆ ದಾರಿ ಇದೆ, ಅದು ನಡೆದು ತೋರಿಸಿದ ದಾರಿ. ವೆಬ್‌ನ ಸ್ಟ್ಯಾಂಡರ್ಡ್ ಮಾಡುವ ಡಬ್ಲ್ಯು3ಸಿ ಸಂಸ್ಥೆ 2001ರಲ್ಲಿ ರಾಯಲ್ಟಿಗೆ ಅವಕಾಶ ಕೊಡುವ ಕರಡು ತಂದಿತ್ತು. ಓಪನ್ ಸೋರ್ಸ್‌ನವರು ಗಟ್ಟಿಯಾಗಿ ವಿರೋಧಿಸಿದರು. 2004ರಲ್ಲಿ ಅಂತಿಮವಾದ ನೀತಿ ರಾಯಲ್ಟಿ ಇಲ್ಲದ್ದು. ಇವತ್ತು ಯಾರು ಬೇಕಾದರೂ ಬ್ರೌಸರ್ ಬರೆಯಬಹುದು. ನಮ್ಮ ಕನ್ನಡವನ್ನೇ ನೋಡಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಯುನಿಕೋಡ್ ಬಳಸಲು ಯಾರಿಗೂ ಪ್ರತಿಗೆ ಇಷ್ಟು ಅಂತ ಕಟ್ಟಬೇಕಿಲ್ಲ. ಒಂದೊಂದು ಕಂಪನಿಯ ಫಾಂಟ್‌ಗೆ ಒಂದೊಂದು ಎನ್ಕೋಡಿಂಗ್ ಇದ್ದ ಕಾಲವನ್ನು ಪತ್ರಿಕಾ ಕಚೇರಿಯವರಾದ ನಿಮಗೆ ನಾನು ನೆನಪಿಸಬೇಕಿಲ್ಲ. ಒಂದು ಕಡೆ ಟೈಪ್ ಮಾಡಿದ್ದು ಇನ್ನೊಂದು ಕಡೆ ಕಸಕಡ್ಡಿಯಂತೆ ಕಾಣುತ್ತಿತ್ತು. ಈಗ ನಾನು ಲಿನಕ್ಸ್‌ನಲ್ಲಿ ಟೈಪ್ ಮಾಡುತ್ತಿರುವ ಈ ಪತ್ರವನ್ನು ನೀವು ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಒತ್ತಕ್ಷರ ಸಮೇತ ಸರಿಯಾಗಿ ಕಾಣುತ್ತದೆ.

ಧ್ವನಿಗೆ ಓಪಸ್ ಇದೆ. 2012ರಲ್ಲಿ ಇಂಟರ್‌ನೆಟ್‌ನ ಸ್ಟ್ಯಾಂಡರ್ಡ್ ರೂಪಿಸುವ ಐಇಟಿಎಫ್ ಒಪ್ಪಿದ, ರಾಯಲ್ಟಿ ಇಲ್ಲದ ಸ್ಟ್ಯಾಂಡರ್ಡ್. ವಿಡಿಯೊಗೆ 2018ರಲ್ಲಿ, ಮಾಡಿದವರು ರಾಯಲ್ಟಿ ಕೇಳದ ಎವಿ1 ಬಂತು. ಲ್ಯಾಬಿನಲ್ಲಿ ಯೂಟ್ಯೂಬ್ ಮಾತ್ರ ಸಲೀಸಾಗಿ ಓಡುವುದು ಯಾಕೆ ಎಂದು ಮೇಲೆ ಕೇಳಿದ್ದೆನಲ್ಲ, ಉತ್ತರ ಇಲ್ಲಿದೆ. ಯೂಟ್ಯೂಬ್ ಎವಿ1, ಅಂಥದ್ದೇ ಆದ ವಿಪಿ9 ಮತ್ತು ಓಪಸ್‌ಗಳಲ್ಲಿ ವಿಡಿಯೊ ಕಳಿಸಬಲ್ಲದು, ಫೈರ್‌ಫಾಕ್ಸ್ ಅವುಗಳನ್ನು ಯಾವ ಲೈಸನ್ಸ್ ಗೋಜೂ ಇಲ್ಲದೆ ಬಿಡಿಸುತ್ತದೆ. ಎವಿ1ಗೂ ನೂರಕ್ಕೆ ನೂರು ನೆಮ್ಮದಿ ಇಲ್ಲ. 2019ರಲ್ಲಿ ಸಿಸ್ವೆಲ್ ಎಂಬ ಕಂಪನಿ, ಇದರಲ್ಲೂ ನಮ್ಮ ಪೂಲಿನವರ ಪೇಟೆಂಟ್ ಇದೆ ಅಂತ ದರಪಟ್ಟಿ ಹೊರಡಿಸಿತು. ಮಾಡಿದವರು ಪುಕ್ಕಟೆ ಕೊಟ್ಟರೂ ಹೊರಗಿನವರು ಕೈ ಚಾಚಬಹುದು. ಆದರೂ ಎಚ್.265ರ ಮೂರು ಬಾಗಿಲಿಗಿಂತ ಇದು ಎಷ್ಟೋ ವಾಸಿ.

ನನ್ನ ಕಸುಬಿಗೆ ತೀರಾ ಹತ್ತಿರವಾದದ್ದು ಎಫ್ಎಫ್‌ವಿ1. ಎಫ್ಎಫ್‌ಎಂಪೆಗ್ ಎಂಬ ಓಪನ್ ಸೋರ್ಸ್ ಯೋಜನೆಯೊಳಗೇ ಹುಟ್ಟಿದ ಕೋಡೆಕ್ ಇದು. ಚಿತ್ರದ ಒಂದು ಚುಕ್ಕೆಯೂ ಕಳೆಯದಂತೆ ಕುಗ್ಗಿಸುತ್ತದೆ. ಮೊದಲು ಕೋಡ್ ಬಂತು, ಹೊರದೇಶದ ಪತ್ರಾಗಾರಗಳು ಬಳಸಿ ನೋಡಿದವು, ಆಮೇಲೆ 2021ರಲ್ಲಿ ಐಇಟಿಎಫ್ ಅದರ ವಿವರಣೆಯನ್ನು ಪ್ರಕಟಿಸಿತು. 2024ರಲ್ಲಿ ವಿಡಿಯೊ ಕಡತದ ಮಾದರಿಯಾದ ಮಟ್ರೋಸ್ಕಾ ಮತ್ತು ಧ್ವನಿಯನ್ನು ಏನೂ ಕಳೆಯದಂತೆ ಕುಗ್ಗಿಸುವ ಫ್ಲಾಕ್, ಇವುಗಳ ವಿವರಣೆಯನ್ನೂ ಅದು ಪ್ರಕಟಿಸಿತು. ಯಕ್ಷಗಾನದ ಹಳೆಯ ಟೇಪು ನನ್ನ ಅಂಗಡಿಗೆ ಬಂದರೆ ಮೂಲಪ್ರತಿಯನ್ನು ಎಫ್ಎಫ್‌ವಿ1ರಲ್ಲಿ, ಮಟ್ರೋಸ್ಕಾ ಕಡತದಲ್ಲಿ ಇಡುತ್ತೇನೆ. ತಾಳಮದ್ದಲೆಯ ಕ್ಯಾಸೆಟ್ ಫ್ಲಾಕ್‌ಗೆ ಹೋಗುತ್ತದೆ. ಗಂಟೆಗೆ ಹತ್ತಾರು ಜಿಬಿ ಜಾಗ ಬೇಕು, ಬೆಳಗಿನವರೆಗಿನ ಆಟವಾದರೆ ಹಾರ್ಡ್‌ಡಿಸ್ಕ್ ತುಂಬಿಬಿಡುತ್ತದೆ. ಪರವಾಗಿಲ್ಲ. ಟೇಪಿನ ಮೇಲೆ ಬೂಸಲು ಹತ್ತಿರುತ್ತದೆ, ಅಂಚು ಸುಕ್ಕಾಗಿರುತ್ತದೆ. ಎಷ್ಟೋ ಟೇಪುಗಳು ಮತ್ತೊಮ್ಮೆ ಓಡುವ ಸ್ಥಿತಿಯಲ್ಲಿರುವುದಿಲ್ಲ. ಭಾಗವತರು ತೀರಿಕೊಂಡಿರುತ್ತಾರೆ, ಆ ಮೇಳವೇ ಇರುವುದಿಲ್ಲ. ಅಂಥದ್ದನ್ನು ಯಾವ ಫಾರ್ಮ್ಯಾಟ್‌ನಲ್ಲಿ ಇಡುತ್ತೇವೆ ಎನ್ನುವುದು ಸಣ್ಣ ಮಾತಲ್ಲ. ಐವತ್ತು ವರ್ಷದ ನಂತರ ಯಾರೋ ಅದನ್ನು ತೆರೆಯಬೇಕಾದರೆ ಡಿಕೋಡರ್‌ನ ಕೋಡ್ ಮತ್ತು ಅದರ ವಿವರಣೆ ಎರಡೂ ಕೈಗೆ ಸಿಗಬೇಕು, ಯಾರನ್ನೂ ಕೇಳದೆ ಮತ್ತೆ ಬರೆಯುವಂತಿರಬೇಕು. ಗಿರಾಕಿಗೆ ಫೋನಿನಲ್ಲಿ ನೋಡಲು ಎಚ್.264 ಪ್ರತಿಯನ್ನೂ ಮಾಡಿಕೊಡುತ್ತೇನೆ. ಮೂಲ ಮಾತ್ರ ಮುಕ್ತವಾಗಿಯೇ ಇರುತ್ತದೆ.

ಈ ವಿಷಯದಲ್ಲಿ ಸರ್ಕಾರಕ್ಕೆ ಹೊಸ ಕಾನೂನು ಬೇಕಿಲ್ಲ. ಇ-ಆಡಳಿತಕ್ಕಾಗಿ ಮುಕ್ತ ಮಾನದಂಡಗಳ ನೀತಿಯನ್ನು ಕೇಂದ್ರ ಸರ್ಕಾರ 2010ರ ನವೆಂಬರ್‌ನಲ್ಲೇ ಹೊರಡಿಸಿದೆ. ಆರಿಸಿಕೊಳ್ಳುವ ಸ್ಟ್ಯಾಂಡರ್ಡ್ ಅದರ ಆಯುಷ್ಯ ಪೂರ್ತಿ ರಾಯಲ್ಟಿ ಇಲ್ಲದೆ ಸಿಗಬೇಕು ಎಂಬುದು ಅದರ ತಿರುಳು. ಕೆಲಸ ಆಗಬೇಕಿರುವುದು ಟೆಂಡರ್ ಕಾಗದದಲ್ಲಿ. ಶಾಲೆಗೆ ಪಾಠದ ವಿಡಿಯೊ ಮಾಡಿಸುವಾಗ "ಎಂಪಿ4 ಕೊಡಿ" ಎಂದು ಬರೆದು ಬಿಡಬಾರದು, ಅದರೊಳಗೆ ಹೆಚ್ಚಾಗಿ ಇರುವುದು ಎಚ್.264. ಎವಿ1 ಅಥವಾ ವಿಪಿ9, ಧ್ವನಿ ಓಪಸ್‌ನಲ್ಲಿರುವ ಒಂದು ಪ್ರತಿಯೂ ಬೇಕು ಎಂದು ಸೇರಿಸಲಿ. ಗುತ್ತಿಗೆದಾರರಿಗೆ ಅದೇನೂ ಹೊರೆಯಲ್ಲ, ಎಫ್ಎಫ್‌ಎಂಪೆಗ್‌ನಲ್ಲಿ ಒಂದು ಸಾಲಿನ ಆಜ್ಞೆ. ಲ್ಯಾಬ್ ಸಿದ್ಧ ಮಾಡಿಕೊಡುವವರು ವಿಡಿಯೊ, ಧ್ವನಿ, ಮೆಮೊರಿ ಕಾರ್ಡ್ ಮೂರನ್ನೂ ಶಿಕ್ಷಕರ ಎದುರು ಓಡಿಸಿ ತೋರಿಸಿದ ಮೇಲೆಯೇ ಬಿಲ್ ಪಾಸ್ ಆಗಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಯಕ್ಷಗಾನ ಅಕಾಡೆಮಿಯಂಥವು ದಾಖಲಾತಿ ಮಾಡಿಸುವಾಗ ಮೂಲಪ್ರತಿ ಎಫ್ಎಫ್‌ವಿ1 ಮತ್ತು ಫ್ಲಾಕ್‌ನಲ್ಲೇ ಇರಬೇಕು ಎಂದು ಕೇಳಲಿ. ಸ್ಟ್ಯಾಂಡರ್ಡ್ ಸಮಿತಿಗಳಲ್ಲಿ ಕೂರುವ ಬೆಂಗಳೂರಿನ ಎಂಜಿನಿಯರುಗಳಲ್ಲೂ ಒಂದು ವಿನಂತಿ. ನಿಮ್ಮ ಕಂಪನಿಯ ಹಿತ ನೋಡುವುದು ನಿಮ್ಮ ಕೆಲಸ, ಒಪ್ಪುತ್ತೇನೆ. ಆದರೆ ಲೈಸನ್ಸ್ ಷರತ್ತಿನ ಚರ್ಚೆ ಬಂದಾಗ ಪ್ರತಿ ಎಣಿಸಲಾಗದವರ ಪರವಾಗಿ ಒಂದು ಮಾತು ಆಡಿ. ಆ ಕೋಣೆಯಲ್ಲಿ ಅವರ ಪರವಾಗಿ ಮಾತಾಡುವವರು ಕಡಿಮೆ.

ಪತ್ರ ಬರೆದ ಶಿಕ್ಷಕರಿಗೆ ಕೊನೆಯದಾಗಿ ಎರಡು ಮಾತು. ಸರ್, ನಿಮ್ಮ ಲ್ಯಾಬ್ ಉಬುಂಟು ಆಗಿದ್ದರೆ ಒಂದು ದಿನ ಫೋನಿನ ಹಾಟ್‌ಸ್ಪಾಟ್ ಹಾಕಿ, ಯಾರಾದರೂ ಬಲ್ಲವರಿಂದ ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್ ಎಂಬ ಪ್ಯಾಕೇಜ್ ಹಾಕಿಸಿ. ನಿಮ್ಮ ಪೆನ್‌ಡ್ರೈವ್‌ನ ವಿಡಿಯೊ ಓಡುತ್ತದೆ. ಐಫೋನಿನಲ್ಲಿ ರೆಕಾರ್ಡ್ ಮಾಡುವವರಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸಲು ಹೇಳಿ. ಹೊಸ ಲ್ಯಾಬ್ ಬಂದಾಗ ಸಹಿ ಹಾಕುವ ಮೊದಲು ನಿಮ್ಮದೇ ಪೆನ್‌ಡ್ರೈವ್ ಹಾಕಿ ನೋಡಿ. ನೀವು ಶಿರಸಿ ಸುತ್ತಮುತ್ತಲಿನವರೇ ಆಗಿದ್ದರೆ ಅಂಗಡಿಗೆ ಬನ್ನಿ, ಲ್ಯಾಬಿಗೆ ಬಂದು ನಾನೇ ಹಾಕಿಕೊಡುತ್ತೇನೆ.

ಇಂತಿ,
ಕಂಪ್ಯೂಟರ್ ರಿಪೇರಿ ಅಂಗಡಿಯವ,
ಶಿರಸಿ, ಉತ್ತರ ಕನ್ನಡ